ಏನೂ ವ್ಯತ್ಯಾಸ ಇಲ್ಲಮ್ಮ

ಟೀವಿ ವಾರ್ತಾಕೇಂದ್ರದಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಯಾರಾದರೂ ಹೊಸಬರು ಆ ಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ ಯಾರನ್ನು ಕೂಗಿದರೋ ಎಂದು ನೋಡುತ್ತಿದ್ದಳು.

ಅವಳಪ್ಪ ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದವನು. ಕೊನೆಯ ಸಾಲಿನಲ್ಲಿ ಕೂತವನಿಗೂ ಮುಖ ಕಾಣಬೇಕು, ಇಲ್ಲದಿದ್ದರೆ ಅದು ಬಣ್ಣವೇ ಅಲ್ಲ ಅನ್ನುತ್ತಿದ್ದ. ಆ ಪಾಠವನ್ನೇ ಅವಳು ಸ್ಟುಡಿಯೋಗೂ ತಂದಿದ್ದಳು. ಒದ್ದೆ ಸ್ಪಂಜಿನಿಂದ ಒಂದು ಪದರ, ಅದು ಆರಿದ ಮೇಲೆ ಇನ್ನೊಂದು, ಮೇಲೆ ಪೌಡರ್. ಅವಳ ಕೈಗೆ ಸಿಕ್ಕಿದ ಮುಖ ಕನ್ನಡಿಯ ಸುತ್ತಲಿನ ಬಲ್ಬುಗಳ ಬೆಳಕಿನಲ್ಲಿ ಆಗತಾನೇ ಕಡೆದ ಬೆಣ್ಣೆಮುದ್ದೆಯ ಹಾಗೆ ನುಣ್ಣಗಾಗುತ್ತಿತ್ತು.

ಆ ಮುಖಗಳಲ್ಲೆಲ್ಲ ಅವಳಿಗೆ ಹೆಮ್ಮೆ ತಂದದ್ದು ಸಂಜೆಯ ವಾರ್ತೆ ಓದುವವಳ ಮುಖ. ಆ ಹುಡುಗಿ ಕೆಲಸಕ್ಕೆ ಸೇರಿದ ದಿನ ಕುರ್ಚಿಯಲ್ಲಿ ಕೂತು ಅತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಕಾಯಿಲೆ ಎರಡೂ ಕೆನ್ನೆಯ ಮೇಲೆ ಗುಳಿಗಳನ್ನು ಬಿಟ್ಟುಹೋಗಿತ್ತು. ಬಣ್ಣದಕ್ಕ ಅವಳ ಗಲ್ಲ ಹಿಡಿದೆತ್ತಿ, “ಅಳಬೇಡಮ್ಮ. ಇವು ಇದಾವೆ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳೋದು ನನ್ನ ಪಾಲಿಗಿರಲಿ,” ಅಂದಿದ್ದಳು. ಅಂದಿನಿಂದ ಆ ಹುಡುಗಿ, ಹುಡುಗಿಯ ವಯಸ್ಸು ದಾಟಿ ಹೆಸರುವಾಸಿಯಾದ ಮೇಲೂ, ಬಣ್ಣ ಹಚ್ಚಿಸಿಕೊಳ್ಳದೆ ಯಾರೆದುರೂ ನಿಂತವಳಲ್ಲ. ತರಕಾರಿ ಅಂಗಡಿಗೆ ಹೋಗಬೇಕಾದರೂ ಒಂದು ಪದರ ಇರಲೇಬೇಕು.

ಹೀಗಿರುವಾಗ ಕೇಂದ್ರಕ್ಕೆ ಎಚ್‌.ಡಿ. ಕ್ಯಾಮೆರಾಗಳು ಬಂದವು. ಎಂಜಿನಿಯರ್ ಬಣ್ಣದ ಕೋಣೆಗೆ ಬಂದು ಬಾಗಿಲಲ್ಲೇ ನಿಂತ.

“ಅಕ್ಕ, ಇದು ಹಳೇ ಕ್ಯಾಮೆರಾ ಥರ ಅಲ್ಲ. ಕೂದಲೆಳೆನೂ ತೋರಿಸುತ್ತೆ. ದಪ್ಪಗೆ ಹಚ್ಚಿದರೆ ದಪ್ಪಗೇ ಕಾಣುತ್ತೆ. ಹೊಸ ರೀತಿ ಹೇಳಿಕೊಡೋ ತರಬೇತಿ ಇದೆ, ನಿಮ್ಮ ಹೆಸರು ಕೊಡಲಾ?”

“ತಲೆ ಬೆಳ್ಳಗಾದ ಮೇಲೆ ನನಗೆ ಅ ಆ ಇ ಈ ಹೇಳಿಕೊಡ್ತೀರೇನಪ್ಪ? ಕ್ಯಾಮೆರಾ ಬದಲಾದರೆ ಮುಖ ಬದಲಾಗುತ್ತಾ?”

ಅವಳು ನಕ್ಕಳು; ಅವನೂ ನಕ್ಕು ಹೋದ.

ಮುಂದಿನ ವಾರ ಒಂದು ಪರೀಕ್ಷೆ ನಡೆಯಿತು. ನಿಯಂತ್ರಣ ಕೊಠಡಿಯಲ್ಲಿ ಎರಡು ಟೀವಿಗಳನ್ನು ಪಕ್ಕಪಕ್ಕ ಇಟ್ಟು, ಎಡಗಡೆಯದರಲ್ಲಿ ಸಾದಾ ಚಿತ್ರ, ಬಲಗಡೆಯದರಲ್ಲಿ ಎಚ್‌.ಡಿ. ಬರುವಂತೆ ಮಾಡಿದ್ದರು. ವಾರ್ತೆ ಓದುವವಳು ಸ್ಟುಡಿಯೋದಲ್ಲಿ ಕೂತು ಹಳೆಯ ಸುದ್ದಿಯೊಂದನ್ನು ಓದುತ್ತಿದ್ದಳು. ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆಯೇ ಎಂದು ಸಂಪಾದಕರು ಇದ್ದಬದ್ದವರನ್ನೆಲ್ಲ ಕರೆದು ಕೇಳಿದರು.

ಬಾಗಿಲ ಬಳಿ ನಿಂತಿದ್ದ ಲೆಕ್ಕಪತ್ರದವರು ಕನ್ನಡಕ ಒರೆಸಿಕೊಂಡು, “ನನಗೇನೋ ಎರಡೂ ಅವಳಿಜವಳಿ ಥರ ಕಾಣ್ತಿದೆ,” ಅಂದರು. ಕ್ಯಾಂಟೀನಿನವನು, “ಎರಡರಲ್ಲೂ ಬೆಲೆ ಏರಿಕೆ ಸುದ್ದಿನೇ ತಾನೆ ಸ್ವಾಮಿ ಬರೋದು? ಸ್ಪಷ್ಟವಾಗಿ ನೋಡಿ ಯಾಕೆ ಹೊಟ್ಟೆ ಉರ್ಕೋಬೇಕು?” ಅಂದ. ಎಲ್ಲರೂ ನಕ್ಕರು. ದೂರದಿಂದ ನೋಡಿದ ಬಣ್ಣದಕ್ಕನಿಗೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಗೆದ್ದೆ ಅಂದುಕೊಂಡಳು.

ಜನ ಚದುರಿದ ಮೇಲೆ, ಸುಮ್ಮನೆ, ಅವಳು ಟೀವಿಗಳ ಹತ್ತಿರ ಹೋದಳು.

ಎಡಗಡೆ ಅವಳಿಗೆ ಗೊತ್ತಿದ್ದ ಬೆಣ್ಣೆಮುಖ. ಬಲಗಡೆ ಬೇರೆಯೇ ಒಂದು ಮುಖ. ತುಟಿಯ ಎರಡೂ ಬದಿಯಲ್ಲಿ ಬಣ್ಣ ಒಣಗಿದ ಕೆರೆಯ ತಳದಂತೆ ಸೀಳಿತ್ತು. ದವಡೆಯ ಕೆಳಗೆ ಬಣ್ಣ ಮುಗಿದು ಕತ್ತು ಶುರುವಾಗುವಲ್ಲಿ ಗೆರೆ ಎಳೆದಂತಿತ್ತು. ಗುಳಿಗಳೊಳಗೆ ಪೌಡರ್ ಕೂತು, ಮುಚ್ಚಬೇಕಾದ್ದನ್ನೇ ಬೆರಳಿಟ್ಟು ತೋರಿಸುತ್ತಿತ್ತು. ಹುಬ್ಬಿನ ಬಳಿ ಕುಂಚದ ಒಂದು ಕೂದಲು ಅಂಟಿಕೊಂಡಿತ್ತು. ಅದು ತನ್ನದೇ ಕುಂಚದ್ದು.

ಓದು ಮುಗಿದು ಅವಳು ಎದ್ದು ಹೋದ ಮೇಲೆ ಎರಡೂ ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಬಲಗಡೆಯದರಲ್ಲಿ ಕುರ್ಚಿಯ ಬಟ್ಟೆಯ ನೂಲುಗಳನ್ನು ಎಣಿಸಬಹುದಿತ್ತು.

ವಾರ್ತೆ ಓದುವವಳು ಕೊಠಡಿಗೆ ಓಡೋಡಿ ಬಂದಳು. “ಹೇಗೆ ಬಂತು ಅಕ್ಕ? ಆ ಎಂಜಿನಿಯರ್ ಏನೇನೋ ಹೇಳಿ ಹೆದರಿಸ್ತಿದಾರೆ. ಹೊಸ ಥರ ಹಚ್ಚಿಸ್ಕೊಳ್ಳಿ, ಬೇಕಾದರೆ ಬೇರೆಯವರನ್ನ ಕರೆಸ್ತೀನಿ ಅಂತಾರೆ. ನೀವು ಹೇಳಿ. ನೀವು ಹೇಳಿದ ಹಾಗೆ.”

ನಿಜ ಹೇಳುವುದಕ್ಕೆ ಎರಡು ಮಾತು ಸಾಕಾಗಿತ್ತು. ಆದರೆ ಆ ಎರಡು ಮಾತು ಆಡಿದರೆ ಇಷ್ಟು ವರ್ಷದ ಕೈ ಕೆಟ್ಟ ಕೈ ಎಂದು ತಾನೇ ಒಪ್ಪಿಕೊಂಡಂತೆ. ಎಂಜಿನಿಯರನ ಮುಂದೆ ಆಡಿದ ದೊಡ್ಡ ಮಾತನ್ನು ನುಂಗಿದಂತೆ. ಅದಕ್ಕಿಂತ ಹೆಚ್ಚಾಗಿ, ಬಣ್ಣದ ಕೋಣೆಯ ಕುರ್ಚಿಯಲ್ಲಿ ಬೇರೆ ಯಾರದೋ ಕೈಕೆಳಗೆ ಇವಳು ಕಣ್ಣು ಮುಚ್ಚಿ ಕೂರುವುದನ್ನು ನೋಡಬೇಕು.

“ಏನೂ ವ್ಯತ್ಯಾಸ ಇಲ್ಲಮ್ಮ,” ಅಂದಳು ಬಣ್ಣದಕ್ಕ. “ಮೊದಲು ಹೇಗಿತ್ತೋ ಹಾಗೇ ಇದೆ.”

ಅವಳ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಲಾರದೆ ಬಣ್ಣದಕ್ಕ ಸ್ಪಂಜು ತೊಳೆಯಲು ಹೋದಳು.

ಎಚ್‌.ಡಿ. ಪ್ರಸಾರ ಶುರುವಾದ ದಿನ ಬಣ್ಣದಕ್ಕನಿಗೆ ಕಡಿಮೆ ಹಚ್ಚಬೇಕೆಂದು ಬುದ್ಧಿ ಹೇಳುತ್ತಿದ್ದರೂ ಕೈ ಕೇಳಲಿಲ್ಲ. ಗುಳಿ ಕಂಡೀತೆಂಬ ಗಾಬರಿಯಲ್ಲಿ ಇನ್ನೊಂದು ಪದರ ಏರಿಸಿಬಿಟ್ಟಳು. ಮಾಮೂಲಾಗಿ ವಾರ್ತೆ ಮುಗಿಯುವ ತನಕ ಪೌಡರ್ ಪಫ್ ಹಿಡಿದು ಕ್ಯಾಮೆರಾ ಹಿಂದೆ ನಿಲ್ಲುತ್ತಿದ್ದವಳು ಆವತ್ತು, “ತಮ್ಮನ ಮನೇಲಿ ಕರೆದಿದಾರೆ,” ಎಂದು ಹೇಳಿ ಹೊರಟುಬಿಟ್ಟಳು. ಕರೆದಿದ್ದು ಸುಳ್ಳೇನಲ್ಲ. ಅಕ್ಕನ ಕೈಚಳಕವನ್ನು ಹೊಸ ಟೀವಿಯಲ್ಲಿ ನೋಡಬೇಕೆಂದು ತಮ್ಮ ಒಂದು ವಾರದಿಂದ ಹೇಳುತ್ತಿದ್ದ.

ತಮ್ಮನ ಮನೆಯ ಟೀವಿ ಅರ್ಧ ಗೋಡೆ ತುಂಬಿತ್ತು. ತಮ್ಮನ ಹೆಂಡತಿ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟಳು. ತಮ್ಮನ ಅತ್ತೆ ಗೋಡೆಗೊರಗಿ ಕೂತಿದ್ದರು. ತಮ್ಮನ ಐದು ವರ್ಷದ ಮಗಳು ನೆಲದ ಮೇಲೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ.

“ನೋಡಕ್ಕ, ಇದು ಸಾದಾ ಚಾನೆಲ್ಲು,” ಎಂದು ತಮ್ಮ ರಿಮೋಟ್ ಒತ್ತಿದ. ಬೆಣ್ಣೆಮುಖ ಬಂತು. “ಆಹಾ, ಬೊಂಬೆ ಬೊಂಬೆ!” ಅಂದರು ಅವನ ಅತ್ತೆ.

“ಈಗ ಎಚ್‌.ಡಿ.”

ದೀಪಗಳ ಬಿಸಿಗೆ ಬೆವರು ಒಡೆದು, ತುಟಿಯ ಪಕ್ಕ ಬಣ್ಣ ಒಣಗಿದ ಗಾಯದ ಹೆಕ್ಕಳಿಕೆಯಂತೆ ಎದ್ದಿತ್ತು. ವಾರ್ತೆ ಓದುವವಳು ಏನೂ ಅರಿಯದೆ, ಎಂದಿನ ಗಂಭೀರ ದನಿಯಲ್ಲಿ ದೇಶವಿದೇಶದ ಸುದ್ದಿ ಹೇಳುತ್ತಿದ್ದಳು. ಅವಳು ಒಂದೊಂದು ಒತ್ತಕ್ಷರ ಉಚ್ಚರಿಸಿದಾಗಲೂ ಆ ಹೆಕ್ಕಳಿಕೆ ಅಲುಗುತ್ತಿತ್ತು.

“ಅತ್ತೆ,” ಮಗು ಬಣ್ಣದಕ್ಕನ ಕಡೆ ತಿರುಗಿ ಕೇಳಿತು, “ಈ ಆಂಟಿ ಮುಖಕ್ಕೆ ಯಾಕೆ ಗೋಡೆ ಸುಣ್ಣ ಬಳಿದಿದಾರೆ?”

“ಏ, ಬಾಯಿ ಮುಚ್ಚು,” ಎಂದು ತಮ್ಮ ಗದರಿಸಿದ. ಅವನ ಹೆಂಡತಿ ಬೇರೆ ಕಡೆ ನೋಡಿದಳು. ಬಣ್ಣದಕ್ಕನ ಕಿವಿಗಳು ಕಾದವು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದಳು. ನೆಲ ಬಾಯಿ ಬಿಡಲಿಲ್ಲ, ಅವಳೇ ಬಾಯಿ ಬಿಟ್ಟಳು.

“ಅವಳ ಚರ್ಮವೇ ಹಾಗೆ, ಏನು ಮಾಡೋದು. ಮುಖದ ತುಂಬ ಗುಳಿ, ಪಾಪ. ಬಣ್ಣ ನಿಲ್ಲೋದೇ ಇಲ್ಲ. ನಾನಿರೋ ಹೊತ್ತಿಗೆ ಇಷ್ಟಾದರೂ ಇದೆ.”

“ಹೌದಾ!” ಅಂದಳು ತಮ್ಮನ ಹೆಂಡತಿ, ಹಗುರಾಗಿ. “ಇಷ್ಟು ವರ್ಷ ನೋಡ್ತಿದೀವಿ, ನಮಗೆ ಗೊತ್ತೇ ಇರಲಿಲ್ಲ.”

ಗೊತ್ತಿರಲಿಲ್ಲ. ಮೂರನೆಯವರಿಗೆ ಗೊತ್ತಾಗದಂತೆ ನೋಡಿಕೊಳ್ಳುತ್ತೇನೆ ಅಂದವಳೇ ಈಗ ಒಂದು ಕೋಣೆ ತುಂಬ ಜನಕ್ಕೆ ಹೇಳಿದ್ದಳು. ಊಟಕ್ಕೆ ಎಷ್ಟು ಕರೆದರೂ ನಿಲ್ಲದೆ ಅವಳು ಮನೆಗೆ ನಡೆದಳು.

ಮಾರನೆಯ ದಿನ ಆ ಮುಖದ ಚಿತ್ರ ಊರಿನವರ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ಯಾರೋ ಅದರ ಕೆಳಗೆ ‘ಬಿರುಕು ಸುದ್ದಿ’ ಎಂದು ಬರೆದಿದ್ದರು. ಸಂಪಾದಕರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು, “ಯಾರ ತಪ್ಪು ಇದು?”

ಎಂಜಿನಿಯರ್ ಬಣ್ಣದಕ್ಕನ ಕಡೆ ನೋಡಿ, ಕಣ್ಣು ತಗ್ಗಿಸಿದ.

“ನಂದೇ ಸರ್,” ಅಂದಳು ವಾರ್ತೆ ಓದುವವಳು. ಅತ್ತು ಅತ್ತು ಕಣ್ಣು ಊದಿತ್ತು. “ನನಗೆ ಬೆವರು ಜಾಸ್ತಿ. ಅಕ್ಕ ಸರಿಯಾಗೇ ಹಚ್ಚಿದ್ರು. ಪರೀಕ್ಷೆ ದಿನ ಅವರೇ ನೋಡಿದ್ದರಲ್ಲ, ಚೆನ್ನಾಗೇ ಇತ್ತು.”

ಬಣ್ಣದಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು. ಸ್ವಲ್ಪ ದಿನ ಮುಖ ಬೇಡ, ದನಿ ಮಾತ್ರ ಸಾಕು ಎಂದು ಸಂಪಾದಕರು ತೀರ್ಮಾನಿಸಿದರು. ಸಂಜೆಯ ವಾರ್ತೆ ಇನ್ನೊಬ್ಬರ ಪಾಲಾಯಿತು. ವಾರ್ತೆ ಓದುವವಳು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕೂತು, ಪ್ರವಾಹದ, ಸಂತೆಯ, ಕ್ರಿಕೆಟ್ಟಿನ ಚಿತ್ರಗಳಿಗೆ ದನಿ ಕೊಡತೊಡಗಿದಳು. ಆ ಕೋಣೆಗೂ ಅವಳು ಬಣ್ಣ ಹಚ್ಚಿಕೊಂಡೇ ಬರುತ್ತಿದ್ದಳು, ತನ್ನ ಕೈಯಿಂದಲೇ, ವಕ್ರವಕ್ರವಾಗಿ. ಅದನ್ನು ಕಂಡ ದಿನ ಬಣ್ಣದಕ್ಕನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

“ನನಗೆ ಆವತ್ತೇ ಕಂಡಿತ್ತಮ್ಮ,” ಅಂದಳು. “ಪರೀಕ್ಷೆ ದಿನವೇ. ಬಿರುಕು, ಗೆರೆ, ಎಲ್ಲ. ವ್ಯತ್ಯಾಸ ಇತ್ತು. ಇಲ್ಲ ಅಂದೆ.”

ವಾರ್ತೆ ಓದುವವಳು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ತಮ್ಮನ ಮನೇಲೂ... ನಿನ್ನ ಚರ್ಮದ್ದೇ ದೋಷ ಅಂದುಬಿಟ್ಟೆ. ಗುಳಿ ವಿಷಯ ಹೇಳಿಬಿಟ್ಟೆ.”

ವಾರ್ತೆ ಓದುವವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಬೈಯುತ್ತಾಳೆ ಎಂದುಕೊಂಡು ಬಣ್ಣದಕ್ಕ ತಲೆ ತಗ್ಗಿಸಿ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಎಂಜಿನಿಯರ್ ಬಾಯಿಬಿಟ್ಟು ಹೇಳಿದ್ರೂ ನಾನು ನಂಬಲಿಲ್ಲ ಅಕ್ಕ,” ಅಂದಳು ಅವಳು. “ನಿಮ್ಮನ್ನೇ ಕೇಳಿದೆ. ಕನ್ನಡಿನೂ ನೋಡ್ಕೊಳ್ಳಲಿಲ್ಲ.” ಮತ್ತೆ ಹೆಡ್‌ಫೋನ್ ಹಾಕಿಕೊಂಡು, “ಓದೋದಿದೆ, ಬಾಗಿಲು ಮುಂದೆ ಮಾಡ್ಕೊಂಡು ಹೋಗಿ,” ಅಂದಳು.

ಬಣ್ಣದಕ್ಕ ಅಲ್ಲಿಂದ ನೇರವಾಗಿ ಸಂಪಾದಕರ ಕೋಣೆಗೆ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದಳು. ಎರಡನೆಯ ಸಲ ಸುಲಭವಾದೀತು ಅಂದುಕೊಂಡಿದ್ದಳು, ಆಗಲಿಲ್ಲ. “ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?” ಅಂದರು ಅವರು. ಅವಳನ್ನು ತರಬೇತಿಗೆ ಕಳಿಸಿದರು. ಅಲ್ಲಿ ಮಗಳ ವಯಸ್ಸಿನವರ ನಡುವೆ ಕೂತು, ಬಟಾಣಿ ಗಾತ್ರದಷ್ಟು ಬಣ್ಣವನ್ನು ಬೆರಳ ತುದಿಯಲ್ಲಿ ತಟ್ಟಿ ತಟ್ಟಿ ಚರ್ಮದೊಳಗೆ ಕರಗಿಸುವುದನ್ನು ಅವಳು ಅ ಆ ಇ ಈಯಿಂದಲೇ ಕಲಿತಳು.

ಅವಳು ತರಬೇತಿಯಿಂದ ಬರುವಷ್ಟರಲ್ಲಿ ವಾರ್ತೆ ಓದುವವಳು ಸಂಜೆಯ ವಾರ್ತೆಗೆ ಮರಳಿದ್ದಳು. ಬಣ್ಣದಕ್ಕ ಕ್ಯಾಂಟೀನಿನ ಟೀವಿಯ ಮುಂದೆ ನಿಂತು ನೋಡಿದಳು. ಮುಖದ ಮೇಲೆ ಇದ್ದೂ ಇಲ್ಲದಂಥ ಬಣ್ಣ, ಅವಳೇ ಹಚ್ಚಿಕೊಂಡದ್ದು. ಗುಳಿಗಳು ಇದ್ದ ಹಾಗೇ ಕಾಣುತ್ತಿದ್ದವು, ಒಂದೊಂದೂ. ಬಣ್ಣದಕ್ಕ ಎದೆ ಹಿಡಿದುಕೊಂಡು ಸುತ್ತ ನೋಡಿದಳು. ಯಾರೂ ನಗಲಿಲ್ಲ. ಇಬ್ಬರು ಸುದ್ದಿಯ ಬಗ್ಗೆ ಜಗಳವಾಡುತ್ತಿದ್ದರು. ಕ್ಯಾಂಟೀನಿನವನು ಲೋಟ ಒರೆಸುತ್ತ, “ಮೇಡಂ ಏನೋ ಈಚೆಗೆ ನಮ್ಮ ಪಕ್ಕದ ಮನೆಯವರ ಥರ ಕಾಣ್ತಾರಲ್ಲ, ಚೆನ್ನಾಗಿದೆ,” ಅಂದ.

ಆಗ ಬಣ್ಣದಕ್ಕನಿಗೆ ಮೊದಲಿನ ಎಲ್ಲ ನಾಚಿಕೆಯನ್ನೂ ಮೀರಿದ ಇನ್ನೊಂದು ನಾಚಿಕೆಯಾಯಿತು. ಅಳುತ್ತಿದ್ದ ಹುಡುಗಿಗೆ ಮುಚ್ಚಿಡುತ್ತೇನೆ ಅಂದಿದ್ದಳೇ ಹೊರತು, ಇದನ್ನು ಮುಚ್ಚುವ ಅಗತ್ಯವೇ ಇಲ್ಲ ಎಂದು ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ಆ ಹುಡುಗಿ ತರಕಾರಿ ಅಂಗಡಿಗೆ ಬರಿಯ ಮುಖದಲ್ಲಿ ಹೋಗಿಬರುತ್ತಿದ್ದಳೋ ಏನೋ.

ಭಾನುವಾರ ತಮ್ಮನ ಮನೆಗೆ ಹೋಗಿ, “ಆವತ್ತು ನಾನು ಹೇಳಿದ್ದು ಸುಳ್ಳು. ಅವಳ ಚರ್ಮದ್ದಲ್ಲ, ನನ್ನ ಕೈಯದೇ ತಪ್ಪು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಅಯ್ಯೋ ಬಿಡಕ್ಕ, ಅದನ್ನೆಲ್ಲ ಯಾರು ನೆನಪಿಟ್ಕೊಂಡಿರ್ತಾರೆ,” ಅಂದ ತಮ್ಮ. ಅವನ ಅತ್ತೆ ಮಾತ್ರ, “ಯಾರ ಚರ್ಮ?” ಎಂದು ಕೇಳಿದರು. ಬಣ್ಣದಕ್ಕ ಅವರ ಪಕ್ಕದಲ್ಲಿ ಕೂತು ಮೊದಲಿಂದ ಎಲ್ಲವನ್ನೂ ಹೇಳಿದಳು.

ಈಗ ಅವಳು ಅತಿಥಿಗಳ ಮುಖಕ್ಕೆ ಬಣ್ಣ ಹಚ್ಚುತ್ತಾಳೆ, ತೆಳ್ಳಗೆ. ವಾರ್ತೆ ಓದುವವಳು ಕಾರಿಡಾರಿನಲ್ಲಿ ಎದುರಾದರೆ ಅಕ್ಕ ಎಂದೇ ಮಾತಾಡಿಸುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ. ಆದರೆ ಬಣ್ಣದ ಕೋಣೆಯ ಕುರ್ಚಿಗೆ ಬಂದು ಕೂತಿಲ್ಲ. ಬಾ ಎಂದು ಕರೆಯುವ ಧೈರ್ಯ ಬಣ್ಣದಕ್ಕನಿಗೂ ಬಂದಿಲ್ಲ.