ಗಡಿ ಹೊತ್ತ ಮಣ್ಣು

“ಕಣ್ಣು ಇಂಗೋದ್ರೆ ಏನಾಯ್ತ್ಲಾ, ಕಾಲೂ ಇಂಗೋದ್ವಾ? ಎದ್ದು ನಿಂತ್ಕಳೋ ಬೋಳಿಮಗನೆ.”

ಪಟೇಲ ಆನಂದಪ್ಪ ಬೈದದ್ದು ಎಂಬತ್ತು ದಾಟಿದ ಮುನಿಆಂಜಿನಪ್ಪನನ್ನು. ಎರಡು ಕಣ್ಣೂ ಹೋದ ಮುದುಕ ಹೊಲದ ಬದುವಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಸೊಸೆ ಮುನಿಶಾಮಮ್ಮ ಮಂಡಿಯೂರಿ ಮಣ್ಣು ಕಲಸುತ್ತಿದ್ದಳು. ಬೈಗುಳ ಕಿವಿಗೆ ಬಿದ್ದಾಗ ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಕಲಸಿತು. ಪ್ರತಿ ಬೈಗುಳಕ್ಕೂ ಕೈ ನಿಲ್ಲಿಸುತ್ತ ಹೋಗಿದ್ದರೆ ಆ ಊರಿನ ಕೇರಿಯವರು ಒಂದು ಕೆಲಸವನ್ನೂ ಮುಗಿಸುವ ಹಾಗಿರಲಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆ. ಅಟ್ಟೂರಿನಾಚೆಯ ಆ ಊರಿನ ಹೊಲಗಳನ್ನೆಲ್ಲ ಸೈಟು ಮಾಡಲು ಒಂದು ಸೊಸೈಟಿ ಬಂದಿತ್ತು. ಪಟೇಲನ ಹೊಲಕ್ಕೂ ಟಾರು ರಸ್ತೆಗೂ ನಡುವೆ ಮುನಿಆಂಜಿನಪ್ಪನ ಎರಡು ಎಕರೆ ಅಡ್ಡ ಬಿದ್ದಿತ್ತು. ಊರಿನ ತೋಟಿಕೆಗೆಂದು, ಹೆಣದ ಸುದ್ದಿ ಮುಟ್ಟಿಸಿ, ಸತ್ತ ದನ ಎಳೆದು, ಗಡಿ ಕಾದದ್ದಕ್ಕೆಂದು ಅವನ ಹಿರಿಯರಿಗೆ ಕೊಟ್ಟ ನೆಲ. ಅಲ್ಲೇ ಅವರ ರಾಗಿ ಬೆಳೆಯುತ್ತಿತ್ತು. ಅಲ್ಲೇ ಹೊಂಗೆ ಮರದ ಬುಡದಲ್ಲಿ ಮುನಿಶಾಮಮ್ಮನ ಗಂಡನನ್ನು ಮಣ್ಣು ಮಾಡಿ ಮೂರು ವರ್ಷವಾಗಿತ್ತು. ಹಿಂದಿನ ದಿನ ಪಟೇಲನ ಆಳು ವೆಂಕಟಸ್ವಾಮಿ ಆ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಹೋಗಿದ್ದ. ಗೆರೆಯ ಈಚೆ ಮುದುಕನ ಪಾಲಿಗೆ ಉಳಿದದ್ದು ನಾಲ್ಕು ಗುಂಟೆ ಬಂಡೆ. ರಾಗಿಯ ಹೊಲ, ಹೊಂಗೆ ಮರ, ಗೋರಿ ಎಲ್ಲ ಆಚೆ.

ಸರ್ವೇಯರ್ ಶಿವಶರಣಪ್ಪ ಕಲಬುರ್ಗಿ ಕಡೆಯವನು, ಈ ತಾಲ್ಲೂಕಿಗೆ ಬಂದು ಆರು ತಿಂಗಳು. ಕೊಡೆಯ ನೆರಳಲ್ಲಿ ಹಳೆಯ ನಕಾಶೆ ಬಿಡಿಸಿ ಬೇಸತ್ತಿದ್ದ.

“ಸರಿಯಾಗಿ ಈ ನಂಬರ್‌ದಾಗ ಹರದೈತ್ರಿ. ಕಲ್ಲೂ ಕಾಣವಲ್ದು. ಗುರುತು ಇಲ್ಲದ ನಾ ಏನ್ ಬರೀಲಿ?”

“ಗುರ್ತಿಗೆ ತೋಟಿ ಅವ್ನಲ್ಲಾ ಸಾರ್,” ಎಂದ ಪಟೇಲ. “ತಲೆ ಮ್ಯಾಲೆ ಮಣ್ಣು ಒತ್ಕಂಡು ನಡೀತಾನೆ. ಅವ್ನು ಮೆಟ್ಟಿದ್ದೇ ಗಡಿ. ಊರೇ ಒಪ್ಕತದೆ, ನಾಳೆ ಯಾವ ಬಡ್ಡಿಮಗನೂ ತಕರಾರು ತಗ್ಯಂಗಿಲ್ಲ.”

“ಹಂಗಾದ್ರ ಆಯ್ತು. ಮುದುಕ ಎಲ್ಲಿ ನಡೀತಾನ ಅಲ್ಲಿ ಗೂಟ ಹೊಡಸ್ತೀನಿ.”

ಗಡಿಕಲ್ಲು ಎಲ್ಲಿ ಹೋಯಿತೆಂಬುದು ಸುತ್ತ ನಿಂತಿದ್ದ ಊರಿನವರಿಗೆಲ್ಲ ಗೊತ್ತಿತ್ತು. ಹೇಳುವ ಬಾಯಿ ಇರಲಿಲ್ಲ.

ಮಣ್ಣು ಹೊರುವುದು ಹಳೆಯ ಪದ್ಧತಿ. ಗಡಿಯ ಜಗಳ ಬಂದರೆ ತೋಟಿ ಮಿಂದು, ಊರ ಮಣ್ಣಿಗೆ ನೀರು ಹಾಕಿ ಮುದ್ದೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ಗಡಿ ನಡೆಯಬೇಕು. ಸುಳ್ಳು ನಡೆದರೆ ಮುದ್ದೆ ತಾನಾಗಿ ಒಡೆಯುತ್ತದೆ, ಹೊತ್ತವನ ವಂಶ ನಿಲ್ಲುತ್ತದೆ. ಮಣ್ಣು ತಲೆ ಮೇಲಿರುವಷ್ಟು ಹೊತ್ತು ಅವನನ್ನು ರಾಜನೂ ತಡೆಯುವ ಹಾಗಿಲ್ಲ. ಬಿಳಿಯರ ಕಾಲದಲ್ಲಿ ಮೂರು ಕಾಲಿನ ಹಿತ್ತಾಳೆ ಯಂತ್ರ ಬಂತು, ಕಬ್ಬಿಣದ ಸರಪಳಿ ಬಂತು. ಆ ಸರಪಳಿಯನ್ನು ಮುಳ್ಳು ಕಲ್ಲಿನ ಮೇಲೆ ಎಳೆದವನು ಮುನಿಆಂಜಿನಪ್ಪನ ತಾತನೇ. ಅಳತೆ ಮುಗಿಸಿದ ದೊರೆ, ಇನ್ನು ಮೇಲೆ ಮಣ್ಣು ಮಾತಾಡಬೇಕಾಗಿಲ್ಲ, ಕಾಗದ ಮಾತಾಡುತ್ತದೆ ಎಂದು ನಕ್ಕು ಕುದುರೆ ಹತ್ತಿದನಂತೆ. ಎರಡು ಎಕರೆಯನ್ನು ತೋಟಿಯ ಹೆಸರಿಗೆ ಬರೆದೂ ಹೋದ. ಕಾಗದ ಮಾತ್ರ ಪಟೇಲನ ಮನೆಯ ಪೆಟ್ಟಿಗೆ ಸೇರಿತು. ತೋಟಿಗೆ ಓದಲು ಬರುತ್ತಿರಲಿಲ್ಲ, ಅವನ ಮಾತಿಗೆ ಅಂದಿನಿಂದ ಬೆಲೆಯೂ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವುದು ಲೋಕರೂಢಿ. ನೂರು ವರ್ಷದ ಮೇಲೆ ಪಟೇಲನ ಮನೆತನಕ್ಕೆ ಮತ್ತೆ ಹೊಳೆ ಅಡ್ಡ ಬಂದಿತ್ತು.

ಮುನಿಶಾಮಮ್ಮನಿಗೆ ಮಣ್ಣಿನ ಮೇಲೆ ನಂಬಿಕೆಯಿರಲಿಲ್ಲ. ಮಣ್ಣಿಗೆ ಸತ್ಯ ಗೊತ್ತಿದ್ದರೆ ಪಟೇಲನ ಮನೆ ಎಂದೋ ಕುಸಿಯಬೇಕಿತ್ತು. ಮುದುಕನಿಗೆ ಮಾತ್ರ ನಂಬಿಕೆಯಿತ್ತು. ಮುದ್ದೆಯನ್ನು ಅವನ ತಲೆಯ ಮೇಲಿಟ್ಟಾಗ ಬಾಗಿದ್ದ ಬೆನ್ನು ನೆಟ್ಟಗಾಯಿತು.

ಕುರುಡನಿಗೆ ದಾರಿ ತೋರಿಸಲು ವೆಂಕಟಸ್ವಾಮಿ ಮುಂದೆ ಬಂದ. ಕೈ ಹಿಡಿಯಲಿಲ್ಲ, ದನ ಅಟ್ಟುವ ಕೋಲಿನ ತುದಿ ಚಾಚಿದ. “ಇಡ್ಕಳಲೇ.” ಮುದುಕ ಆ ತುದಿ ಹಿಡಿದ. ವೆಂಕಟಸ್ವಾಮಿ ಈ ತುದಿ ಎಳೆದ. ನಾಲ್ಕು ಹೆಜ್ಜೆಗೆ ಮುದುಕ ಎಡವಿದ, ಮುದ್ದೆ ವಾಲಿತು.

“ಇದು ನಡಿಯೂದಲ್ಲ, ಎಳಿಯೂದು,” ಎಂದ ಶಿವಶರಣಪ್ಪ. “ಹಿಂಗಾದ್ರ ನಾ ಬರಿಯಂಗಿಲ್ಲ. ಕೈ ಹಿಡಕೊಂಡು ಸಾವಕಾಶ ನಡಸ್ರಿ.”

“ಇವನ್ನ ಮುಟ್ಟಾದಾ ಸಾರ್?” ವೆಂಕಟಸ್ವಾಮಿ ಪಟೇಲನ ಮುಖ ನೋಡಿದ. ಪಟೇಲ ಊರಿನವರ ಮುಖ ನೋಡಿದ. ಯಾರೂ ಮುಂದೆ ಬರಲಿಲ್ಲ. ಜಾತಿ ಎಲ್ಲರಿಗೂ ಇತ್ತು.

ಕೊನೆಗೆ ಪಟೇಲ ಮುನಿಶಾಮಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. “ನೀನೇ ಕರ್ಕಂಡೋಗು. ಸುಣ್ಣದ ಮ್ಯಾಲೇ ನಡಸ್ಬೇಕು. ಗೆರೆ ಬಿಟ್ಟು ಒಂದು ಮಾರು ಆಚೆ ಈಚೆ ಆಯ್ತೋ, ಸಂಜಿಗೆ ನಿನ್ ಗುಡಿಸ್ಲು ಇರಾಕಿಲ್ಲ. ಬಾಯಿ ಮುಚ್ಕಂಡು ನಡಿ ಮುಂಡೆ.”

ಅವಳಿಗೆ ಹೆದರಿಕೆಯಾಯಿತು. ಹೋದ ವರ್ಷ ಹೀಗೇ ಹೇಳಿ ಒಂದು ಗುಡಿಸಲು ಸುಟ್ಟಿದ್ದರು. ಮಾವನ ಕೈ ಹಿಡಿದು ಸುಣ್ಣದ ಮೇಲೆ ಕಾಲಿಟ್ಟಳು. ಹಿಂದೆ ಸರ್ವೇಯರ್, ಅವನ ಹಿಂದೆ ಗೂಟ ಹೊತ್ತ ಆಳುಗಳು, ಆಮೇಲೆ ಊರು. ಹತ್ತು ಹೆಜ್ಜೆಗೆ ಮುದುಕ ನಿಂತ.

“ಶಾಮಿ, ಕಾಲಿಗೆ ಬದ ಸಿಗ್ತಾ ಇಲ್ಲ.”

“ಊ ಮಾವ.”

“ನಿಂಗೊತ್ತಾ?”

“ಗೊತ್ತು. ಗುಡಿಸ್ಲು ಸುಡ್ತಾರಂತೆ.” ಅವಳಿಗೆ ಅಳು ಬಂತು. ಯಾರ ಮೇಲಿನ ಸಿಟ್ಟೋ ಮುದುಕನ ಕೈಯನ್ನು ಹಿಸುಕಿತು.

“ನನ್ ಮಗ ಎಲ್ಲವ್ನೆ? ಗೆರೆ ಈಚೆಗೋ ಆಚೆಗೋ?”

ಅವಳು ಅವನ ಕೈ ಹಿಡಿದೇ ಗೆರೆಯಾಚೆಯ ಹೊಂಗೆ ಮರದ ಕಡೆ ತಿರುಗಿದಳು.

“ಕೈ ಬಿಡವ್ವ,” ಎಂದ ಮುದುಕ.

ಬಿಡುವುದಕ್ಕೆ ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಬಿಟ್ಟಳು.

ಮುದುಕ ಎಡಕ್ಕೆ ತಿರುಗಿದ. ಪಾದದಿಂದ ನೆಲ ತಡವಿದ. ಉಳುಮೆಯಲ್ಲಿ ಸವೆದು ಹೋದ ಬದುವಿನ ಏರು ಸಿಕ್ಕಿತೋ ಏನೋ, ಆಮೇಲೆ ಅವನಿಗೆ ಯಾರ ಕೈಯೂ ಬೇಕಾಗಲಿಲ್ಲ. ಹೊಂಗೆ ಮರವನ್ನು ಬಲಕ್ಕೆ ತನ್ನ ಪಾಲಿಗೆ ಬಿಟ್ಟು, ಪಟೇಲನ ಹಿಪ್ಪುನೇರಳೆ ಗಿಡಗಳ ನಡುವೆ ನುಗ್ಗಿ ನೇರ ನಡೆದ.

“ತಡೀರಲೇ ಅವನ್ನ,” ಎಂದ ಪಟೇಲ.

“ಮಣ್ಣು ತಲೆ ಮ್ಯಾಲೈತೆ ಗೌಡ್ರೆ,” ಎಂದರು ಯಾರೋ ಹಿಂದಿನಿಂದ. “ನೀವೇ ಒರ್ಸಿದ್ದು.”

ಶಿವಶರಣಪ್ಪ ಮುದುಕನ ಹಿಂದೆಯೇ ನಡೆದ. ಆಳುಗಳು ಗೂಟ ಹೊಡೆಯುತ್ತ ಬಂದರು. ಆ ಸದ್ದು ಕೇಳುತ್ತ ನಡೆಯುವಾಗ ಮುನಿಶಾಮಮ್ಮನಿಗೆ ಹೆದರಿಕೆಯ ಜೊತೆಗೆ ಇನ್ನೇನೋ ಆಗುತ್ತಿತ್ತು, ಮೈ ಹಗುರಾಗುತ್ತಿತ್ತು. ಮುದುಕ ಹೋಗಿ ನಿಂತದ್ದು ಪಟೇಲನ ಹೊಲದಂಚಿನ ತಾರಸಿ ಮನೆಯ ಕಾಂಪೌಂಡಿಗೆ ಕೈ ತಾಗಿದಾಗ.

“ಏನಿದು?”

“ಪಟೇಲ್ರ ಗ್ವಾಡೆ. ಪಕ್ಕದಾಗೇ ಗೇಟೈತೆ.”

“ನಮ್ ತಾತ ಸರಪಳಿ ಎಳಿಯೋವಾಗ ಇಲ್ಲಿ ಗ್ವಾಡೆ ಇರ್ಲಿಲ್ಲ. ಗಡಿ ಇನ್ನೂ ಮುಂದಕ್ಕೈತೆ. ತಗಿ.”

ಕೇರಿಯವರ ಕೈ ಆ ಗೇಟಿನ ಚಿಲಕ ಮುಟ್ಟಿದ್ದೇ ಇಲ್ಲ. ಮುನಿಶಾಮಮ್ಮ ತೆಗೆದಳು. ಮುದುಕ ಅಂಗಳಕ್ಕೆ ಕಾಲಿಟ್ಟು ಮೂರು ಹೆಜ್ಜೆ ಹೋಗುವಷ್ಟರಲ್ಲಿ ಪಟೇಲ ವೆಂಕಟಸ್ವಾಮಿಯ ಕೋಲು ಕಿತ್ತುಕೊಂಡು ಬೀಸಿದ. ಏಟು ಮುದ್ದೆಗೂ ಬಿತ್ತು, ಕಿವಿಗೂ ಬಿತ್ತು. ಮುದುಕ ಚಪ್ಪಡಿಯ ಮೇಲೆ ಉರುಳಿದ. ಮಣ್ಣು ಚೂರುಚೂರಾಯಿತು.

“ನೋಡಿದ್ರಾ ಸಾರ್?” ಪಟೇಲ ಏದುಸಿರು ಬಿಡುತ್ತಿದ್ದ. “ಮಣ್ಣು ಒಡೀತು. ಸುಳ್ಳು ನಡೆದವ್ನೆ ಸೂಳೆಮಗ. ಅಂಗೇ ಬರ್ಕಳಿ. ಒಡೀತಲ್ವೇನ್ರಲೇ?”

ಊರಿನವರು ನೆಲ ನೋಡಿದರು. ಇಬ್ಬರು ಹೌದೆಂದು ತಲೆ ಆಡಿಸಿದರು. ಶಿವಶರಣಪ್ಪನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

ಮುನಿಶಾಮಮ್ಮ ಮಾವನ ತಲೆಯನ್ನು ಎತ್ತಿ ನೋಡಿದಳು. ಕಿವಿಯಿಂದ ರಕ್ತ ಇಳಿಯುತ್ತಿತ್ತು, ಉಸಿರು ಇತ್ತು. ಸೆರಗು ಹರಿದು ಕಟ್ಟಿ, ಅವನನ್ನು ಗೋಡೆಗೆ ಒರಗಿಸಿದಳು. ಆಮೇಲೆ ಎರಡೂ ಕೈಯಿಂದ ಮಣ್ಣು ಬಳಿಯತೊಡಗಿದಳು. ಒಂದು ಹೆಂಟೆಯನ್ನೂ ಬಿಡಲಿಲ್ಲ. ಒಣಗಿದ ಮಣ್ಣು ಕೂಡಲಿಲ್ಲ, ನೀರು ಬೇಕಿತ್ತು. ಅಂಗಳದ ಮೂಲೆಯಲ್ಲಿ ಪಟೇಲನ ಮನೆಯವರು ಕುಡಿಯುವ ನೀರಿನ ತೊಟ್ಟಿ ಇತ್ತು. ಹೋಗಿ ಕೈಗಳನ್ನು ಮೊಣಕೈವರೆಗೆ ಅದ್ದಿದಳು.

“ಅಯ್ಯೋ, ತೊಟ್ಟಿ ಮುಟ್ಟಿದ್ಲಲ್ಲೋ ಮಾರಿ,” ಎಂದು ಪಟೇಲನ ಹೆಂಡತಿ ಅಕ್ಕಯ್ಯಮ್ಮ ಬಾಗಿಲಲ್ಲಿ ಬಾಯಿ ಬಡಿದುಕೊಂಡಳು.

“ಎಂಗ್ಸು ಮಣ್ಣು ಒರಂಗಿಲ್ಲ,” ಎಂದ ವೆಂಕಟಸ್ವಾಮಿ. “ಪದ್ಧತಿ ಇಲ್ಲ.”

“ಸುಣ್ಣ ಎಳಿಯಾದು ಯಾವ ಪದ್ಧತೀಲೈತೆ?” ಎಂದಳು ಮುನಿಶಾಮಮ್ಮ. ಮುದ್ದೆ ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಕೆಸರು ಹಣೆಯಿಂದ ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಯಾವ ಕಡೀಕೆ ಮಾವ?”

ಮುದುಕ ಗೋಡೆಗೆ ಒರಗಿದವನು ಕೈಯೆತ್ತಿ ತೋರಿಸಿದ. ಅಲ್ಲಿ ಪಟೇಲನ ಮನೆಯ ತಲೆಬಾಗಿಲು ಇತ್ತು.

“ಗೂಟ ತಗಂಡು ಬನ್ನಿ ಸಾರ್,” ಎಂದು ಮೆಟ್ಟಿಲು ಹತ್ತಿದಳು. ಅಕ್ಕಯ್ಯಮ್ಮ ಮೈಲಿಗೆಗೆ ಹೆದರಿ ಪಕ್ಕಕ್ಕೆ ಸರಿದಳು. ಹಿಂದೆ ಪಟೇಲ ಕೋಲು ಎತ್ತಿದನೋ, ಸರ್ವೇಯರ್ ಬರೆಯುತ್ತಿದ್ದಾನೋ, ಯಾರಾದರೂ ಜೊತೆಗೆ ಬರುತ್ತಿದ್ದಾರೋ, ಮುನಿಶಾಮಮ್ಮ ತಿರುಗಿ ನೋಡುವ ಹಾಗಿರಲಿಲ್ಲ. ತಲೆ ಅಲ್ಲಾಡಿದರೆ ಮಣ್ಣು ಬೀಳುತ್ತಿತ್ತು. ಹೊಸಿಲು ದಾಟಿದಳು.