ಡಿಕ್ಕಿಯಲ್ಲಿ ಊರುಗೋಲು

ನನ್ನ ಕಾರಿಗೆ ಗೇರು ಹಾಕುವ ಕೆಲಸವಿಲ್ಲ, ಅದೇ ಬದಲಾಯಿಸಿಕೊಳ್ಳುತ್ತದೆ. ಕಾಲಿಗೂ ಕೆಲಸವಿಲ್ಲ. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಕೈಕೋಲಿದೆ. ಎಳೆದರೆ ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ. ಚಿಕ್ಕಂದಿನ ಜ್ವರದಲ್ಲಿ ಕಾಲಿನ ಶಕ್ತಿ ಹೋದ ನನಗೆ ಇದು ಸಿಕ್ಕಿದ್ದು ತಲೆ ನರೆತ ಮೇಲೆ. ಮೊದಲ ದಿನ ರಸ್ತೆಗೆ ಇಳಿದಾಗ ಬೀದಿನಾಯಿಗಳು ಎದ್ದು ನನಗೆ ದಾರಿ ಬಿಟ್ಟವು. ಅಲ್ಲಿಯವರೆಗೆ ನಾಯಿಗಳಿಗೆ ದಾರಿ ಬಿಡುತ್ತಿದ್ದವಳು ನಾನು.

ತಾಪತ್ರಯವಿದ್ದದ್ದು ಊರುಗೋಲುಗಳದು. ಒಮ್ಮೆ ಪಕ್ಕದ ಸೀಟಿಗೆ ಒರಗಿಸಿದ್ದ ಊರುಗೋಲು ಜಾರಿ ಬಂದು ಕೈಕೋಲಿಗೆ ಸಿಕ್ಕಿಹಾಕಿಕೊಂಡಿತು. ಕಾರು ಹೋಗಿ ತರಕಾರಿಯ ತಳ್ಳುಗಾಡಿಗೆ ಮುತ್ತಿಟ್ಟಿತು. ಟೊಮೆಟೊ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ನನ್ನ ತಮ್ಮ ಒಂದು ಕಟ್ಟಳೆ ಮಾಡಿದ. ಬೆಳಿಗ್ಗೆ ನನ್ನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಎರಡೂ ಊರುಗೋಲುಗಳನ್ನು ಕಾರಿನ ಹಿಂದಿನ ಡಿಕ್ಕಿಯಲ್ಲಿಟ್ಟು ಮುಚ್ಚುತ್ತಾನೆ. ನಾನು ಆಸ್ಪತ್ರೆಯ ಹರಿದ ಹೊದಿಕೆ, ಅಂಗಿ ಹೊಲಿಯುವವಳು. ಅಲ್ಲಿ ಗೇಟು ಕಾಯುವವನು ಡಿಕ್ಕಿ ತೆಗೆದು ಊರುಗೋಲು ಕೊಡುತ್ತಾನೆ. ಸಂಜೆ ಅವನು ಇಡುತ್ತಾನೆ, ತಮ್ಮ ತೆಗೆಯುತ್ತಾನೆ. ನಡುವಿನ ಊರೆಲ್ಲ ನನ್ನದೇ, ಆದರೆ ಎಲ್ಲೂ ಇಳಿಯುವ ಹಾಗಿಲ್ಲ. ಅಂಗಡಿ, ಕೆರೆ, ಮರದ ಕೆಳಗಿನ ಕಲ್ಲುಬೆಂಚು, ಎಲ್ಲವನ್ನೂ ಬರಣಿಯೊಳಗಿನ ಮೀನಿನ ಹಾಗೆ ಗಾಜಿನಿಂದ ನೋಡಿಕೊಂಡು ಮುಂದೆ ಹೋಗುತ್ತೇನೆ.

"ನಿನ್ನ ಒಳ್ಳೇದಕ್ಕೇ ಅಲ್ವೇನಕ್ಕಾ?" ಅನ್ನುತ್ತಾನೆ ತಮ್ಮ.

ಹೌದು, ಒಳ್ಳೆಯದಕ್ಕೇ. ಅದಕ್ಕೇ ಎದುರಾಡಲು ನನಗೆ ಬಾಯಿ ಬರುವುದಿಲ್ಲ.

ಹೊಲಿಗೆ ಕೋಣೆಯಲ್ಲಿ ನನ್ನ ಎದುರಿಗೆ ಕೂರುತ್ತಿದ್ದವಳು ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವವಳು. ಎಲ್ಲರ ಬಾಯಲ್ಲೂ ಅವಳು ಕಾಜಾ. ತುಳಿಯಲಾಗದ ನಾನು ಮೋಟಾರು ಕಟ್ಟಿದ ಮಿಷನ್ನಿನಲ್ಲಿ ಹೊಲಿಯುತ್ತಿದ್ದುದರಿಂದ ಅವಳಿಗೆ ನಾನು ಮೋಟಾರು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಕೆಲಸ ಬಿಟ್ಟು ಮೂರನೇ ಮಹಡಿಯ ಮನೆ ಸೇರಿಕೊಂಡಳು. ಈಗ ಮಗಳು ಅವಳನ್ನು ದೂರದ ಊರಿಗೆ ಕರೆದೊಯ್ಯುತ್ತಾಳೆಂದು ಸುದ್ದಿ ಬಂತು. ನಮ್ಮ ವಯಸ್ಸಿಗೆ ದೂರದ ಊರೆಂದರೆ ಮತ್ತೆ ನೋಡುವುದಿಲ್ಲವೆಂದೇ. ಹೋಗುವ ಮುಂಚೆ ಒಮ್ಮೆ ಅವಳ ಮುಖ ನೋಡಬೇಕಿತ್ತು.

"ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ," ಅಂದ ತಮ್ಮ.

"ಅವಳು ಹೊರಡೋದು ಗುರುವಾರ ಕಣೋ."

"ಹಾಗಾದ್ರೆ ಫೋನಲ್ಲೇ ಮಾತಾಡು. ಮುಖಾನೂ ಕಾಣುತ್ತೆ ಈಗ."

ಫೋನಿನಲ್ಲಿ ನೋಡಿಯಾಗಿತ್ತು. ಅವಳ ಮೂಗಿನ ಹೊಳ್ಳೆಯೂ ತಲೆಯ ಮೇಲಿನ ಫ್ಯಾನೂ ಕಂಡಿದ್ದವು.

ಗುರುವಾರ ಬೆಳಿಗ್ಗೆ ತಮ್ಮ ಎಂದಿನಂತೆ ಡಿಕ್ಕಿ ಮುಚ್ಚಿ, ಎಮ್ಮೆಯ ಬೆನ್ನು ತಟ್ಟಿ ಕಳಿಸುವವನ ಹಾಗೆ ಅದನ್ನು ತಟ್ಟಿದ. ನಾನು ಆಸ್ಪತ್ರೆಯ ಕಡೆಗೆ ತಿರುಗಲಿಲ್ಲ.

ಕಾಜಾಳ ಮನೆ ಇರುವುದು ಎರಡು ಕಾರು ಅಕ್ಕಪಕ್ಕ ಹಿಡಿಸದ ಓಣಿಯಲ್ಲಿ, ಕೊನೆಗೆ ಗೋಡೆ. ಸಾಮಾನು ಸಾಗಿಸುವ ವ್ಯಾನು ಮೂತಿಯನ್ನು ರಸ್ತೆಯ ಕಡೆಗೆ ಮಾಡಿಕೊಂಡು ಒಳಗೆ ನಿಂತಿತ್ತು. ಅದರ ಮೂತಿಗೆ ನನ್ನ ಮೂತಿ ಇಟ್ಟು ನಿಲ್ಲಿಸಿದೆ. ಹಾರನ್ ಹೊಡೆದೆ. ಮೂರನೇ ಮಹಡಿಯಿಂದ ಯಾರೂ ಇಣುಕಲಿಲ್ಲ. ಫೋನು ಮಾಡಿದರೆ ಮಗಳು ಎತ್ತಿದಳು.

"ಚಿಕ್ಕಮ್ಮಾ, ಇಲ್ಲಿ ಕೈಕಾಲು ಆಡ್ತಿಲ್ಲ ನಂಗೆ. ಊರು ಸೇರಿದ್ಮೇಲೆ ಅಮ್ಮನ ಕೈಲಿ ಮಾತಾಡಿಸ್ತೀನಿ."

"ನಾನು ಇಲ್ಲೇ ಕೆಳಗೆ..."

ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ.

ಸೀಟಿನ ಕೆಳಗಿನ ಕೊಕ್ಕೆ ಎಳೆದರೆ ಡಿಕ್ಕಿ ತೆರೆದುಕೊಳ್ಳುತ್ತದೆ. ಎಳೆದೆ. ಯಾರಾದರೂ ಬಂದರೆ ಊರುಗೋಲು ಕೇಳೋಣವೆಂದು ಕಾದೆ. ಸೈಕಲ್ಲಿನವನೊಬ್ಬ ಬಂದ. "ಅಮ್ಮಾ, ಡಿಕ್ಕಿ ತೆಗೆದಿದೆ!" ಅಂದವನೇ ದಬ್ಬನೆ ಮುಚ್ಚಿ, ಉಪಕಾರ ಮಾಡಿದ ನಗೆ ನಕ್ಕು ಹೋದ. ನನ್ನ "ಅಯ್ಯೋ ಬೇಡಪ್ಪಾ" ಕಾರಿನೊಳಗೇ ಉಳಿಯಿತು. ಈ ಸಲ ಕಿಟಕಿಯ ಗಾಜು ಇಳಿಸಿ ಮತ್ತೆ ಎಳೆದೆ. ಕೈಚೀಲ ಹಿಡಿದ ಹೆಂಗಸೊಬ್ಬಳು ಬಂದು ಮುಚ್ಚಿದಳು.

"ಏನ್ರೀ ನೀವು, ಕಳ್ಳರು ಓಡಾಡೋ ಜಾಗದಲ್ಲಿ! ನೋಡ್ಕೋಬಾರ್ದಾ?"

"ಅಕ್ಕಾ, ಮುಚ್ಚಬೇಡಿ. ಅದ್ರಲ್ಲಿ ನನ್ನ ಕಾಲಿದೆ."

ಅವಳು ಡಿಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹಿಂತಿರುಗಿ ನೋಡದೆ ಮನೆ ಸೇರಿಕೊಂಡಳು.

ಬಿಸಿಲು ಏರಿತು. ಸೀಟು ಬೆನ್ನಿಗೆ ಅಂಟಿತು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಹೊತ್ತು ತಂದು ಶಾಲೆಯ ಜಗಲಿಯ ಮೇಲೆ ಇಳಿಸಿ ಹೋಗುತ್ತಿದ್ದರು. ಮಕ್ಕಳು ಆಟಕ್ಕೆ ಓಡಿದರೂ, ಬಿಸಿಲು ಮೈಮೇಲೆ ಬಂದರೂ, ಅವರು ಬರುವ ತನಕ ಇಟ್ಟಲ್ಲೇ ಇರಬೇಕು. ಇಷ್ಟು ವರ್ಷ ಬದುಕಿ, ಕಾರು ಓಡಿಸಲು ಕಲಿತು, ನಾನು ಬಂದು ನಿಂತದ್ದು ಅದೇ ಜಗಲಿಗೆ. ಇದಕ್ಕೆ ಚಕ್ರವಿತ್ತು, ಅಷ್ಟೇ.

ಸಾಮಾನು ಹೊರುವವನೊಬ್ಬ ಬಂದು ಬಾಗಿಲು ತಟ್ಟಿದ. "ಅಜ್ಜಿ, ಗಾಡಿ ಹಿಂದಕ್ಕೆ ತೆಗೀರಿ. ನಾವು ಹೊರಡ್ಬೇಕು."

"ಎಲ್ಲಾ ತುಂಬಿ ಆಯ್ತಾ?"

"ಮಂಚ ಆಯ್ತು, ಬೀರು ಆಯ್ತು. ಇನ್ನು ಮುದುಕಮ್ಮ ಒಬ್ರೇ ಬಾಕಿ."

"ಡಿಕ್ಕಿಯಿಂದ ನನ್ನ ಊರುಗೋಲು ಕೊಡಪ್ಪಾ. ಇಳಿದು ಅವಳನ್ನ ನೋಡ್ಬೇಕು."

ಅವನು ಬಗ್ಗಿ ಕೈಕೋಲನ್ನು ನೋಡಿದ. "ನೀವು ಇಳಿದ್ರೆ ಇದನ್ನ ಯಾರು ತೆಗೀತಾರೆ? ಈ ಕೋಲೂ ಗೀಲೂ ನಮಗೆ ಬರಲ್ಲ. ಮೊದಲು ರಸ್ತೆಗೆ ಹೋಗಿ, ಅಲ್ಲಿ ಇಳೀರಿ."

ರಸ್ತೆಯಲ್ಲಿ ನಾನು ಇಳಿದು ನಿಲ್ಲುವಷ್ಟರಲ್ಲಿ ವ್ಯಾನು ಊರು ದಾಟಿರುತ್ತದೆ. ಎಂಜಿನ್ ಆರಿಸಿದೆ. ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದೆ.

"ತೆಗೆಯಲ್ಲ," ಅಂದೆ.

"ಏನಂದ್ರಿ?"

"ಅವಳನ್ನ ಇಲ್ಲಿಗೆ ತನ್ನಿ. ನೋಡ್ತೀನಿ. ಆಮೇಲೆ ತೆಗೀತೀನಿ."

"ಇದೇನು ಅಜ್ಜಿ, ದಾರಿಗೆ ಅಡ್ಡ ಕೂತು ಜಬರ್ದಸ್ತಿ!"

"ನಾನಂತೂ ಏಳೋ ಹಾಗಿಲ್ಲ ಮಗಾ. ನೀನೂ ಹೋಗೋ ಹಾಗಿಲ್ಲ. ಬಿಸಿಲಲ್ಲಿ ನಿಲ್ಬೇಡ, ನೆರಳಿಗೆ ಹೋಗು."

ಅವನು ಗೊಣಗುತ್ತಾ ಮೇಲಕ್ಕೆ ಹೋದ. ಮಗಳು ದಡದಡನೆ ಇಳಿದು ಬಂದಳು. "ಚಿಕ್ಕಮ್ಮಾ, ಬಂದಿದೀನಿ ಅಂತ ಒಂದು ಮಾತು ಹೇಳೋದಲ್ವಾ?"

"ಹೇಳೋಕೆ ಬಿಟ್ಯೇನೇ?"

ಅವಳು ಸಾಮಾನು ಹೊರುವವರನ್ನು ಕೂಗಿ ಮೇಲಕ್ಕೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಇಬ್ಬರು ಕಾಜಾಳನ್ನು ಕುರ್ಚಿ ಸಮೇತ ಹೊತ್ತು ತಂದು ನನ್ನ ಕಿಟಕಿಯ ಕೆಳಗೆ ಇಟ್ಟರು. ಅವಳು ಕತ್ತೆತ್ತಿ ನೋಡಿದಳು. ಸೊರಗಿದ್ದಳು. ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಾಗಿನ ಅದೇ ಕಣ್ಣು.

"ಏನೇ ಮೋಟಾರು, ಇಳಿಯೋಕೇನು ಧಾಡಿ ನಿಂಗೆ?"

"ನೀನು ನಡೆದು ಬರೋಕೇನು ಧಾಡಿ?"

ಇಬ್ಬರೂ ನಕ್ಕೆವು. ಅವಳು ಕೈ ಚಾಚಿ ನನ್ನ ತೋಳಿನ ಗುಂಡಿ ಮುಟ್ಟಿದಳು. "ಇದನ್ಯಾರು ಹಾಕಿದ್ದು? ಕತ್ತೆ ಕಟ್ಟಿದ ಹಾಗಿದೆ."

"ನಿನ್ನ ಜಾಗಕ್ಕೆ ಬಂದವಳು. ಅಲ್ಲಿ ನಿಂಗೆ ಎಷ್ಟನೇ ಮಹಡಿ?"

"ನೆಲದ ಮೇಲೇ ಅಂತೆ. ಮಗಳು ಕೆಲಸಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾಳಂತೆ. ನಾನು ಬಿದ್ದುಗಿದ್ದೇನು ಅಂತ."

"ಒಳ್ಳೇದಕ್ಕೇ," ಅಂದೆ.

"ಹೂಂ. ಒಳ್ಳೇದಕ್ಕೇ."

ಅವಳ ಕಡೆಗೆ ಬಗ್ಗಲು ಬೆಲ್ಟು ಬಿಡಲಿಲ್ಲ. ಬಿಚ್ಚಿದೆ. ನನ್ನ ಸೊಂಟಕ್ಕೆ ಅಷ್ಟು ಬಲವಿಲ್ಲ, ಬಾಗಿಲ ಮೇಲೆ ಕುಸಿದೆ. ನನ್ನ ಹಣೆ ಅವಳ ನೆತ್ತಿಗೆ ತಾಗಿತು. ಅವಳು ಅಲುಗದೆ ಕೂತಳು. ಹಿಂದೆ ಯಾರೋ ಗಡಿಯಾರ ನೋಡಿಕೊಂಡು ಕೆಮ್ಮಿದರು.

ಮಾತು ಕೊಟ್ಟಿದ್ದೆ. ಅವಳನ್ನು ಎತ್ತಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ನಾನು ಮತ್ತೆ ಬೆಲ್ಟು ಹಾಕಿಕೊಂಡು ಕೀಲಿ ತಿರುಗಿಸಿದೆ. ವ್ಯಾನು ನನ್ನ ಮೂತಿಗೆ ಮೂತಿ ಹಚ್ಚಿಕೊಂಡೇ ಬಂತು. ಹಿಂದಕ್ಕೆ ಓಡಿಸಲು ಕನ್ನಡಿ ನೋಡಬೇಕು. ಕನ್ನಡಿ ನೋಡಿದರೆ ಅವಳು ಕಾಣುವುದಿಲ್ಲ. ಒಂದಿಷ್ಟು ಸರಿಸಿ, ನಿಲ್ಲಿಸಿ, ಅವಳನ್ನು ನೋಡಿದೆ. ಮತ್ತೊಂದಿಷ್ಟು ಸರಿಸಿ, ನಿಲ್ಲಿಸಿ, ನೋಡಿದೆ. ಡ್ರೈವರು ಹಾರನ್ ಒತ್ತಿದ. ಗಾಜಿನ ಹಿಂದೆ ಕಾಜಾ ಅವನ ಕಡೆ ತಿರುಗಿ ಬಾಯಾಡಿಸುತ್ತಿದ್ದಳು, ಬೈಯುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಅವನು ಒತ್ತಲಿಲ್ಲ.

ಎಷ್ಟು ನಿಧಾನ ಮಾಡಿದರೂ ಓಣಿ ಮುಗಿಯಿತು. ನಾನು ರಸ್ತೆಯಲ್ಲಿ ಒಂದು ಬದಿಗೆ ಸರಿದೆ, ವ್ಯಾನು ಇನ್ನೊಂದು ಬದಿಗೆ ತಿರುಗಿತು. ಅವಳ ಕಿಟಕಿ ಆಚೆ ಕಡೆಗಿತ್ತು. ನನಗೆ ಕಂಡದ್ದು ಹಗ್ಗ ಬಿಗಿದ ಮಂಚ ಮಾತ್ರ.