ಅಲಸಂದೆ ತಿನ್ನುವವರು

ಬಾಗಿಲು ತೆರೆಯಿತು, ಅವಳಲ್ಲ, ಕೈಯಲ್ಲಿ ಕಾಫಿ ಲೋಟ ಹಿಡಿದ ಯಾವನೋ ಗಂಡಸು, ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದಾನೆ, ಅಂದರೆ ಒಳಗಡೆಯೂ ಚಳಿಯೇ, ಅವನು ದಾಟಿದ ಮೇಲೆ ಬಾಗಿಲು ತನ್ನಷ್ಟಕ್ಕೆ ತಾನೇ ನಿಧಾನವಾಗಿ, ಒಂದಿಷ್ಟೂ ಸದ್ದಿಲ್ಲದೆ ಮುಚ್ಚಿಕೊಂಡಿತು — ಈ ಊರಿನಲ್ಲಿ ಬಾಗಿಲಿಗೂ ಮರ್ಯಾದೆ ಕಲಿಸಿಬಿಟ್ಟಿದ್ದಾರೆ — ಸಿತಾನ್ ಕತ್ತು ಚಾಚಿದ್ದಕ್ಕೆ ಕಂಡದ್ದು ಇಷ್ಟೇ, ಒಂದು ತುಂಡು ಬಿಳಿ ಗೋಡೆ, ಕುಂಡದಲ್ಲೊಂದು ಗಿಡ. ಆ ಗೋಡೆಯ ಆಚೆ ಎಲ್ಲೋ ಸಿತಾನಳ ಪಾಸ್‌ಪೋರ್ಟ್ ಇದೆ, ಪಾಸ್‌ಪೋರ್ಟಿನ ಜೊತೆ ಆ ಹೆಂಗಸಿದ್ದಾಳೆ, ಪರವಾನಗಿ ಕಚೇರಿಯ ಕೊನೆಯ ಕಿಟಕಿಯ ಜಾರಾ, ಒಂದೂ ಮಾತಾಡದೆ ಎದ್ದು ಕಾಗದ ಪತ್ರಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋದವಳು, ಕೂತಿರಿ ಮೇಡಂ ಎಂದಳೇ, ಇಲ್ಲ, ಅದನ್ನೂ ಅನ್ನಲಿಲ್ಲ, ಸಿತಾನಳೇ ಬಂದು ಈ ಬೆಂಚಿನ ಮೇಲೆ ಕೂತದ್ದು. ಯಾರನ್ನು ಕರೆಯಲು ಹೋಗಿರಬಹುದು, ಮೇಲಿನವರನ್ನೋ ಪೊಲೀಸರನ್ನೋ, ಹೊರಬಾಗಿಲಲ್ಲಿ ನಿಂತ ಕಾವಲಿನವನು ಇತ್ತಲೇ ನೋಡುತ್ತಿದ್ದಾನೋ ಅಥವಾ ಅವನ ಮುಖವೇ ಹಾಗೋ, ಕಚೇರಿಯಲ್ಲಿ ಕೂತ ಅಧಿಕಾರಿಗೆ ಎಲ್ಲರೂ ಕೇಳುವ ಹಾಗೆ ನೀನು ನಮ್ಮ ಮನೆಯ ತೊತ್ತು ಅಂದರೆ ಈ ದೇಶದಲ್ಲಿ ಏನು ಮಾಡುತ್ತಾರೆ, ಯಾರಿಗೆ ಗೊತ್ತು, ಯಾರನ್ನು ಕೇಳುವುದು. ವಾಸದ ಪರವಾನಗಿ ಸಿಗದಿದ್ದರೆ ವಿಶ್ವವಿದ್ಯಾಲಯ ಹೆಸರು ಬರೆದುಕೊಳ್ಳುವುದಿಲ್ಲ, ಹೆಸರಿಲ್ಲದಿದ್ದರೆ ವಿದ್ಯಾರ್ಥಿವೇತನವಿಲ್ಲ, ಮಲಗಲು ಕೋಣೆಯಿಲ್ಲ, ಸೆಗು ಊರಿನಿಂದ ಫ್ರಾನ್ಸಿನ ಗ್ರೆನೋಬಲ್‌ಗೆ ನದಿಗಳ ವಿದ್ಯೆ ಓದಲು ಹೋದ ದೆಂಬೆಲೆಯವರ ಹುಡುಗಿ ಬಾಯಿ ಹಿಡಿತದಲ್ಲಿಟ್ಟುಕೊಳ್ಳಲಾರದೆ ವಾಪಸು ಬಂದಳಂತೆ ಎಂದು ಸೋಮವಾರದ ಸಂತೆಯಲ್ಲಿ ಕಥೆಯಾಗುತ್ತದೆ, ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಮೊದಲು ನಗುವವರು ಜಾರಾ ಮನೆತನದವರೇ.

ಮರ್ಯಾದೆ, ಅದೇ ಅವಳನ್ನು ಕೆಡಿಸಿದ್ದು. ಬಂದಿಳಿದ ದಿನದಿಂದ ಬರೀ ಮರ್ಯಾದೆ, ಟ್ರಾಮ್ ಹತ್ತಿದರೆ, ಬ್ರೆಡ್ ಕೊಂಡರೆ, ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ನಮಸ್ಕಾರ ಮೇಡಂ, ಒಳ್ಳೆಯ ದಿನವಾಗಲಿ ಮೇಡಂ, ಅಲ್ಲಿಗೆ ಮುಗಿಯಿತು, ಮೊದಲ ದಿನ ಮೆಟ್ಟಿಲಲ್ಲಿ ಸಿಕ್ಕಿದ ಮುದುಕನನ್ನು ಅವಳು ರಾತ್ರಿ ನಿದ್ದೆ ಬಂತಾ, ಮನೆಯಲ್ಲೆಲ್ಲ ಕ್ಷೇಮವಾ, ಮಕ್ಕಳು ಹೇಗಿದ್ದಾರೆ ಎಂದು ಕ್ರಮವಾಗಿ ಕೇಳುತ್ತ ಹೋದಾಗ ಅವನು ಬೆದರಿ ಜೇಬಿನಲ್ಲಿ ಬೀಗದ ಕೈ ತಡಕಿದ, ಪಾಪ, ಮಾತು ಮಕ್ಕಳವರೆಗೆ ಮಾತ್ರ ಬಂದಿತ್ತು, ಮೊಮ್ಮಕ್ಕಳ ವಿಚಾರ ಇನ್ನೂ ಬಾಕಿಯಿತ್ತು. ಎದುರು ಕೋಣೆಯ ಹಾನಾ, ಪೋಲೆಂಡಿನವಳು, ಒಳ್ಳೆಯ ಹುಡುಗಿ, ಹಾಲಿನ ಡಬ್ಬಿಯ ಮೇಲೂ ಹೆಸರು ಬರೆದಿಟ್ಟುಕೊಳ್ಳುವ ಹುಡುಗಿ, ಮೊನ್ನೆ ಸಿತಾನ್ ಆ ವಿದ್ಯುತ್ ಒಲೆಯ ಹದ ತಿಳಿಯದೆ ಅನ್ನವನ್ನು ಗಂಜಿ ಮಾಡಿ, ಕಡಲೆಕಾಯಿ ಸಾರು ತಳ ಹಿಡಿಸಿ, ಬಾ ಊಟ ಮಾಡು ಎಂದು ಕರೆದರೆ ಎರಡು ಚಮಚ ತಿಂದು ತುಂಬಾ ಚೆನ್ನಾಗಿದೆ, ಧನ್ಯವಾದ ಎಂದಳು, ಚೆನ್ನಾಗಿದೆಯಂತೆ, ಸೆಗುವಿನಲ್ಲಾಗಿದ್ದರೆ ಇದೇನೇ ಗೋಡೆ ಮೆತ್ತೋಕೆ ಕಲಸಿದ್ದೀಯಾ, ನಿನ್ನ ಕಟ್ಕೊಳ್ಳೋನು ಹಲ್ಲಿಲ್ಲದೋನೇ ಆಗಿರ್ಬೇಕು ಅಂತ ಅತ್ತಿಗೆ ಶುರುಮಾಡಿ, ಪಕ್ಕದ ಮನೆಯವಳು ಮುಂದುವರಿಸಿ, ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿ, ಅಂತೂ ಎಲ್ಲರೂ ಬೈಯುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದರು. ಹೆಸರು ಇನ್ನೂ ಬರೆದುಕೊಳ್ಳದಿದ್ದರೂ ಮೊದಲ ಪಾಠಕ್ಕೆ ಇಸೇರ್ ನದಿಯ ದಡಕ್ಕೆ ಕರೆದುಕೊಂಡು ಹೋದರು, ಎರಡು ಕಲ್ಲುಗೋಡೆಗಳ ನಡುವೆ ಬೂದುಬಣ್ಣದ ನೀರು ಎಲ್ಲಿಗೋ ಹೊತ್ತಾಯಿತು ಅನ್ನುವ ಹಾಗೆ ಓಡುತ್ತಿದೆ, ದಡದಲ್ಲಿ ಬಟ್ಟೆ ಒಗೆಯುವವರಿಲ್ಲ, ದೋಣಿಯಿಲ್ಲ, ಈಜುವ ಹುಡುಗರಿಲ್ಲ, ಅವರನ್ನು ಗದರಿಸುವ ಅಜ್ಜಿಯರಿಲ್ಲ, ಸಿತಾನ್ ನೀರಿನ ವೇಗ ಬರೆದುಕೊಂಡಳು, ಉಷ್ಣಾಂಶ ಬರೆದುಕೊಂಡಳು. ಚಳಿಗೆ ಕೋಟಿದೆ, ಒಳಗೆ ಎರಡು ಸ್ವೆಟರಿದೆ, ಚಳಿ ಒಂದು ಲೆಕ್ಕವಲ್ಲ, ಆದರೆ ವಾರದ ಮೇಲಾಯಿತು, ಒಬ್ಬರೂ ಅವಳನ್ನು ಬೈದಿಲ್ಲ, ಗೇಲಿ ಮಾಡಿಲ್ಲ, ಏ ಸಿತಾನ್ ಅಂತ ಕೂಗಿಲ್ಲ, ನಿನ್ನೆ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿ ನೋಡಿ ತನ್ನನ್ನು ತಾನೇ ಏನೇ ಮಂಗ ಎಂದಳು, ಅಂದ ಕೂಡಲೇ ಅಳು ಬಂತು, ಬಾಯಿ ತೊಳೆದುಕೊಂಡಳು. ಅವಳಿಗೆ ತುಂಬ ಒಂಟಿ ಅನ್ನಿಸಿತ್ತು, ಬೇರೇನಲ್ಲ.

ದೆಂಬೆಲೆಯವರಿಗೂ ಜಾರಾಗಳಿಗೂ ಗೇಲಿಯ ನಂಟು, ಅದು ಯಾವ ಕಾಲದ್ದೋ, ಯಾವ ಅಜ್ಜ ಯಾವ ಅಜ್ಜನ ಜೊತೆ ಕಟ್ಟಿಕೊಂಡದ್ದೋ, ಒಬ್ಬರನ್ನೊಬ್ಬರು ಎಲ್ಲಿ ಕಂಡರೂ ಅಲ್ಲೇ ಹೀಯಾಳಿಸಬೇಕು, ನೀವು ಅಲಸಂದೆ ತಿನ್ನೋರು, ನೀವು ನಮ್ಮ ಗುಲಾಮರು, ನಿಮ್ಮಜ್ಜನ್ನ ನಮ್ಮಜ್ಜ ಒಂದು ಮುರುಕು ಮಡಕೆಗೆ ಕೊಂಡಿದ್ದು, ಅದಕ್ಕೆ ಯಾರೂ ಸಿಟ್ಟಾಗುವ ಹಾಗಿಲ್ಲ, ಸಿಟ್ಟಾದವನೇ ಸೋತ, ಬೈದ ಮೇಲೆ ಮನೆಗೆ ಕರೆಯಬೇಕು, ಕಷ್ಟ ಎಂದರೆ ಓಡಿ ಬರಬೇಕು. ಅಪ್ಪ ಸತ್ತ ದಿನ ಮುದುಕ ಬಕಾರಿ ಜಾರಾ ಬಂದು ಅಂಗಳದ ಬಾಗಿಲಿಗೆ ಅಡ್ಡ ಮಲಗಿಬಿಟ್ಟ, ನನ್ನ ಗುಲಾಮ ನನ್ನ ಅಪ್ಪಣೆ ಇಲ್ದೆ ಸತ್ತಿದ್ದಾನೆ, ಎಬ್ಬಿಸ್ರೋ ಅವನ್ನ, ನನ್ನ ಹೊಲದ ಕಳೆ ಯಾರು ಕೀಳ್ತಾರೆ, ಸೋಮಾರಿ ನನ್ಮಗ, ಕೆಲಸ ತಪ್ಪಿಸ್ಕೊಳ್ಳೋಕೆ ಸತ್ತೋನ ಹಾಗೆ ಬಿದ್ಕೊಂಡಿದ್ದಾನೆ, ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬೈಯುತ್ತಲೇ ಇತ್ತು, ಬೆಳಗಿನಿಂದ ಒಂದು ಗುಟುಕು ನೀರೂ ಮುಟ್ಟದೆ ಗೋಡೆಗೆ ಒರಗಿದ್ದ ಅವ್ವ ಸಟ್ಟನೆ ನಕ್ಕಳು, ಅಳುತ್ತಲೇ ನಕ್ಕಳು, ಆಮೇಲೆ ನೀರು ಕುಡಿದಳು. ಬಮಾಕೊ ವಿಮಾನ ನಿಲ್ದಾಣದಲ್ಲೂ ಹಾಗೇ ಆಯಿತು, ಗಾಜಿನ ಹಿಂದೆ ಗತ್ತಿನಿಂದ ಕೂತಿದ್ದ ಅಧಿಕಾರಿ ಪಾಸ್‌ಪೋರ್ಟ್ ಬಿಡಿಸಿ ಹೆಸರು ಓದಿದ, ತಲೆ ಎತ್ತಿದ, ಓಹೋ, ನಮ್ಮ ಮನೆ ತೊತ್ತು ವಿಮಾನ ಹತ್ತೋ ಹಾಗಾಯ್ತಾ, ನಾನು ಜಾರಾ ಕಣೇ, ಅಲ್ಲಿ ಅಲಸಂದೆ ಸಿಗಲ್ಲ, ಹಸಿದು ಸಾಯ್ತೀಯ ನೋಡು, ಅವಳು ಅಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದ ಅಳುವೆಲ್ಲ ಎತ್ತಲೋ ಹೋಗಿ, ದಿನಾ ನಿನ್ನ ಮುಖ ನೋಡೋದಕ್ಕಿಂತ ಹಸಿದು ಸಾಯೋದೇ ವಾಸಿ, ಬಾಯಿ ಮುಚ್ಕೊಂಡು ಮುದ್ರೆ ಒತ್ತೋ ಗುಲಾಮ ಎಂದಳು, ಹಿಂದಿನ ಸಾಲಿನವರೆಲ್ಲ ನಕ್ಕರು, ಅವನು ಮುದ್ರೆಯನ್ನು ಮೇಜು ಅಲುಗುವ ಹಾಗೆ ಕುಟ್ಟಿ, ಹೋಗು, ಓದಿ ಬಾ ತಾಯಿ ಎಂದ. ಊರು ಬಿಡುವಾಗ ಅವಳು ಕೇಳಿದ ಕೊನೆಯ ಮಾತು ಅದು.

ಹಾಗಿರುವಾಗ ಇಂದು ಬೆಳಿಗ್ಗೆ, ತನ್ನ ಸರದಿ ಬಂದು ಕಿಟಕಿಗೆ ಹೋದರೆ, ಗಾಜಿನ ಆಚೆ ಮೊದಲು ಕಂಡದ್ದು ಎರಡು ಕೈ, ತನ್ನ ಕೈಗಳದೇ ಬಣ್ಣ, ಆಮೇಲೆ ಬಿಗಿದು ಕಟ್ಟಿದ ತಲೆಗೂದಲು, ನೀಲಿ ಅಂಗಿ, ಅಂಗಿಯ ಮೇಲೆ ಬಿಳಿ ಬಿಲ್ಲೆ, ಬಿಲ್ಲೆಯ ಮೇಲೆ ಕಪ್ಪಕ್ಷರ, ಜಾರಾ. ಅಯ್ಯೋ ದೇವರೇ, ಜಾರಾ, ಎಷ್ಟು ಸಂತೋಷವಾಯಿತು ಅವಳಿಗೆ, ಪಾಸ್‌ಪೋರ್ಟನ್ನು ಸಂದಿಯಲ್ಲಿ ತೂರಿಸಿ ಕಾದಳು, ವಯಸ್ಸಿನಲ್ಲಿ ದೊಡ್ಡವಳು, ನಲವತ್ತಾದರೂ ಇರಬೇಕು, ಮೊದಲ ಬೈಗುಳ ಅವಳದೇ ಆಗಲಿ, ಈಗ ಹೆಸರು ಓದುತ್ತಾಳೆ, ಈಗ ತಲೆ ಎತ್ತುತ್ತಾಳೆ. ಆ ಹೆಂಗಸು ಹೆಸರು ಓದಿದಳು, ಒಂದೊಂದೇ ಅಕ್ಷರ ಕಂಪ್ಯೂಟರಿಗೆ ಒತ್ತಿದಳು, ವಿಳಾಸದ ಪುರಾವೆ ಕೊಡಿ ಮೇಡಂ ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಪಕ್ಕಾ ಜಾರಾ ಇವಳು ಅಂದುಕೊಂಡಳು ಸಿತಾನ್, ಬಕಾರಿಯೂ ಹೀಗೇ, ನಗು ಒಳಗೇ ನುಂಗಿಕೊಂಡು ಕೂತಿರುತ್ತಾನೆ, ಸರಿ, ನಾನೇ ಶುರುಮಾಡುತ್ತೇನೆ, ಊರ ಮಾತಿನಲ್ಲಿ, ಬಂಬರದಲ್ಲಿ, ಏನೇ ಜಾರಾ, ಹೊಟ್ಟೆ ತುಂಬ ಅಲಸಂದೆ ತಿಂದು ಗಾಳಿ ಬಿಡ್ತಾ ಕೂತಿದ್ದೀಯಲ್ಲ, ನಿನ್ನಂಥೋಳಿಗೆ ಕುರ್ಚಿ ಕೊಟ್ಟೋರು ಯಾರೇ. ಫ್ರೆಂಚಿನಲ್ಲಿ ಹೇಳಿ ಮೇಡಂ, ನನಗೆ ಈ ಭಾಷೆ ಬರುವುದಿಲ್ಲ ಎಂದಳು ಆ ಹೆಂಗಸು. ಅಲ್ಲಿ ನಿಲ್ಲಿಸಬೇಕಿತ್ತು, ಮೂರು ವರ್ಷದ ಮಗುವಾದರೂ ಅಲ್ಲಿ ನಿಲ್ಲಿಸುತ್ತಿತ್ತು, ಆದರೆ ಅದೂ ಆಟವೇ ಎಂದುಕೊಂಡಳು, ಬಾಯಿಗೆ ಬಂದ ಹಾಗೆ ಫ್ರೆಂಚಿನಲ್ಲಿ, ಗಾಜು ಅಡ್ಡವಿದೆಯಲ್ಲ ಎಂದು ದನಿಯೆತ್ತಿ, ನೀನು ಜಾರಾ, ನಾನು ದೆಂಬೆಲೆ, ನೀನು ನಮ್ಮ ಮನೆಯ ತೊತ್ತು, ಏಳು ಮೇಲೆ, ಆ ಕುರ್ಚಿ ನನಗೆ ಬಿಡು, ಅಂದು ಗಟ್ಟಿಯಾಗಿ ನಕ್ಕಳು, ಒಬ್ಬಳೇ ನಕ್ಕಳು, ಪಕ್ಕದ ಕಿಟಕಿಯ ಬಿಳಿಯ ಗುಮಾಸ್ತ ಮುದ್ರೆ ಒತ್ತುವುದನ್ನು ನಿಲ್ಲಿಸಿದ, ಹಿಂದಿನ ಬೆಂಚಿನ ಮುದುಕಿ ಚೀಲವನ್ನು ಎದೆಗೆ ಎಳೆದುಕೊಂಡಳು. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆಯೇ ಸಿತಾನಳಿಗೂ ಅದು ಕೇಳಿಸಿದ್ದು, ಬಂಬರದಲ್ಲಿ ಆ ಮಾತಿನ ಹಿಂದೆ ಬಕಾರಿ ಮುದುಕ ಇದ್ದಾನೆ, ಅಂಗಳ ಇದೆ, ಫ್ರೆಂಚಿನಲ್ಲಿ ಅದರ ಹಿಂದೆ ಇರುವುದು ಗುಲಾಮರನ್ನು ಹೊತ್ತ ಹಡಗುಗಳು, ಸರಪಳಿಗಳು, ಶಾಲೆಯಲ್ಲಿ ಓದಿರಲಿಲ್ಲವೇ, ಪರೀಕ್ಷೆಯಲ್ಲಿ ಬರೆದಿರಲಿಲ್ಲವೇ, ಒಳ್ಳೆಯ ಅಂಕವೂ ಬಂದಿತ್ತು. ಜಾರಾ ಅವಳನ್ನೇ ನೋಡಿದಳು, ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು, ಆಮೇಲೆ ಎದ್ದು ಒಳಗೆ ಹೋದಳು.

ಹೇಳಬೇಕು, ಬಂದ ಕೂಡಲೇ ಹೇಳಬೇಕು, ಕ್ಷಮಿಸಿ ಮೇಡಂ, ಅದು ಬೈಗುಳವಲ್ಲ, ನಮ್ಮ ಕಡೆ ಅದು ಪ್ರೀತಿ, ನಿಮ್ಮ ಹೆಸರೂ ನನ್ನ ಹೆಸರೂ — ಬೇಡ, ಹೆಸರಿನ ಸುದ್ದಿ ಬೇಡ — ನಮ್ಮ ಕಡೆ ಹತ್ತಿರದವರನ್ನು ತೊತ್ತು ಅನ್ನುತ್ತೇವೆ, ಥೂ, ಇದು ಇನ್ನೂ ಕೆಟ್ಟದಾಗಿ ಕೇಳುತ್ತದೆ, ಅಪ್ಪ ಸತ್ತಾಗ ಒಬ್ಬ ಮುದುಕ ಬಾಗಿಲಿಗೆ ಅಡ್ಡ ಮಲಗಿದ್ದ ಎಂದು ಶುರುಮಾಡಿದರೆ ಹುಚ್ಚಿ ಅಂದುಕೊಳ್ಳುತ್ತಾರೆ, ನಿಮ್ಮ ತಂದೆ ನಿಮಗೆ ಇದನ್ನೆಲ್ಲ ಹೇಳಿಕೊಟ್ಟಿಲ್ಲವೇ ಎಂದು ಕೇಳಿದರೆ, ಅಯ್ಯೋ ಅದನ್ನಂತೂ ಕೇಳಲೇಬಾರದು, ಬರೀ ಕ್ಷಮಿಸಿ ಅನ್ನುವುದೇ ಸರಿ. ಬಾಗಿಲು ತೆರೆಯಿತು, ಅವಳೇ, ಹಿಂದೆ ಪೊಲೀಸರಿಲ್ಲ, ಮೇಲಿನವರಿಲ್ಲ, ಕೈಯಲ್ಲಿ ಪಾಸ್‌ಪೋರ್ಟ್ ಇದೆ, ಅದರ ನಕಲು ಪ್ರತಿಗಳಿವೆ, ನಕಲು ತೆಗೆಯಲು ಹೋಗಿದ್ದಳು ಅಷ್ಟೇ, ಕೂತಳು, ಕಣ್ಣಿನಲ್ಲೇ ಕರೆದಳು. ಸಿತಾನ್ ಹೋಗಿ ನಿಂತಳು, ಹತ್ತು ಬೆರಳಿನ ಗುರುತು ಕೊಟ್ಟಳು, ಇಲ್ಲಿ ಸಹಿ ಮಾಡಿ ಮೇಡಂ, ಇಲ್ಲೂ ಒಂದು, ಎಲ್ಲ ಕ್ರಮಪ್ರಕಾರ, ಒಂದು ಕೊಂಕಿಲ್ಲ, ಸಹಿ ಮಾಡಿ ತಲೆ ಎತ್ತಿದಾಗ ನೋಡಿದಳು, ನೀಲಿ ಅಂಗಿಯ ಮೇಲೆ ಹೆಸರಿನ ಬಿಲ್ಲೆ ಇರಲಿಲ್ಲ. ಬಿಲ್ಲೆ ಇದ್ದ ಕಡೆ ಬಟ್ಟೆಯಲ್ಲಿ ಎರಡು ಸಣ್ಣ ತೂತು. ಮೇಡಂ, ಆಗ ನಾನು ಅಂದದ್ದು ಎಂದು ಬಾಯಿ ತೆರೆದಳು, ಆ ಹೆಂಗಸು ಕಾಗದ ಜೋಡಿಸುತ್ತಲೇ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, ಆ ಮಾತು ನನಗೆ ಹೊಸದಲ್ಲ ಮೇಡಂ, ಶಾಲೆಯಲ್ಲಿದ್ದಾಗಿನಿಂದ ಕೇಳ್ತಾ ಬಂದಿದ್ದೀನಿ, ನಮ್ಮದೇ ಬಣ್ಣದವರ ಬಾಯಲ್ಲಿ ಕೇಳಿದ್ದು ಇವತ್ತೇ ಮೊದಲು ಎಂದಳು, ರಸೀದಿಗೆ ಮುದ್ರೆ ಒತ್ತಿದಳು, ಮೆಲ್ಲಗೆ ಒತ್ತಿದಳು, ಒಳ್ಳೆಯ ದಿನವಾಗಲಿ ಮೇಡಂ, ಮುಂದಿನವರನ್ನು ಕರೆದಳು. ಚೀಲ ಎದೆಗವಚಿಕೊಂಡ ಮುದುಕಿ ಎದ್ದು ಬಂದಳು.

ರಸೀದಿ ಸಿಕ್ಕಿತು, ಇನ್ನು ಹೆಸರು ಬರೆದುಕೊಳ್ಳುತ್ತಾರೆ, ವೇತನ ಬರುತ್ತದೆ, ಕೋಣೆ ಉಳಿಯಿತು, ಬಂದ ಕೆಲಸವೆಲ್ಲ ಆಯಿತು, ಹೊರಗೆ ಬಿಸಿಲಿದೆ, ಬೀದಿಯ ತುದಿಯಲ್ಲಿ ಎಂದಿನಂತೆ ಬೆಟ್ಟ ನಿಂತಿದೆ, ಟ್ರಾಮಿಗೆ ಹೊತ್ತಿದೆ, ಅಷ್ಟರಲ್ಲಿ ಫೋನು, ಅವ್ವ, ಸಂತೆಯ ಗದ್ದಲದ ನಡುವಿನಿಂದ ಕೂಗುತ್ತಿದ್ದಾಳೆ, ಒಣಮೀನಿನ ಬುಟ್ಟಿಯ ಮುಂದೆ ಕೂತೇ ಮಾತಾಡುತ್ತಿರಬೇಕು. ಆಯ್ತೇನೇ ಕೆಲಸ. ಆಯ್ತು ಅವ್ವ, ರಸೀದಿ ಕೊಟ್ರು. ದೇವರು ದೊಡ್ಡೋನು, ಊಟ ಮಾಡಿದ್ಯಾ, ದನಿ ಯಾಕೆ ಹಂಗಿದೆ, ಅಲ್ಲಿ ನಮ್ಮೋರು ಅನ್ನೋರು ಒಬ್ರಾದ್ರೂ ಸಿಕ್ಕಿದ್ರೇನೇ. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ, ಇವತ್ತು ಒಬ್ಬಳು ಜಾರಾ ಸಿಕ್ಕಿದ್ಲು ಅವ್ವ, ಕಚೇರಿಯಲ್ಲಿ. ಜಾರಾನಾ ಎಂದು ಅವ್ವ ಎಷ್ಟು ಜೋರಾಗಿ ಕಿರುಚಿದಳೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು, ಏ ಕೇಳ್ರೇ ಇಲ್ಲಿ, ಫ್ರಾನ್ಸಿನಲ್ಲೂ ಅಲಸಂದೆ ತಿನ್ನೋರು ಸಿಕ್ಕಿದ್ದಾರಂತೆ ನನ್ನ ಮಗಳಿಗೆ, ಸುತ್ತ ಹೆಂಗಸರೆಲ್ಲ ನಗುತ್ತಿದ್ದಾರೆ, ಬಿಟ್ಯೇನೇ ಅವಳ್ನ, ಸರಿಯಾಗಿ ಬೈದ್ಯಾ. ಬೈದೆ ಅವ್ವ. ಭೇಷ್, ಸದ್ಯ, ಒಬ್ರಾದ್ರೂ ಮನೆಯೋರು ಅಂತ ಇದ್ದಾರಲ್ಲ ಅಲ್ಲಿ, ಇನ್ನು ನಾನು ನೆಮ್ಮದಿಯಾಗಿರ್ತೀನಿ ಬಿಡು, ದಿನಾ ರಾತ್ರಿ ನಿದ್ದೆಯಿಲ್ಲ ನಂಗೆ ಗೊತ್ತಾ, ಅದ್ಸರಿ, ಅವಳೇನಂದ್ಲು. ಟ್ರಾಮ್ ಬಂತು, ನಿಂತಿತು, ಬಾಗಿಲು ತೆರೆದವು, ಹತ್ತುವವರೆಲ್ಲ ಹತ್ತಿದರು, ಏನಾದರೂ ಹೇಳಬೇಕು, ಬಕಾರಿ ಬೈಯುವಂಥದ್ದು ಯಾವುದಾದರೂ, ಸಾವಿರ ಇವೆ, ಒಂದನ್ನು ಆರಿಸಿ ಜಾರಾಳ ಬಾಯಿಗಿಟ್ಟು ಹೇಳಿಬಿಟ್ಟರೆ ಅವ್ವ ಹೊಟ್ಟೆ ಹಿಡಿದು ನಗುತ್ತಾಳೆ, ಬಾಗಿಲು ಮುಚ್ಚಿದವು, ಟ್ರಾಮ್ ಹೋಯಿತು, ಏ ಸಿತಾನ್, ಕೇಳಿಸ್ತಾ ಇದ್ಯಾ, ಅವಳೇನಂದ್ಲೇ, ಅವಳು, ಅವ್ವ, ಅವಳು — ನೀಲಿ ಅಂಗಿ, ಬಿಗಿದು ಇಸ್ತ್ರಿ ಮಾಡಿದ ನೀಲಿ ಅಂಗಿ, ಒಳಗೆ ಹೋಗಿ ಯಾರೂ ಇಲ್ಲದ ಕಡೆ ನಿಂತು ಹೆಸರಿನ ಬಿಲ್ಲೆ ಬಿಚ್ಚಿರಬೇಕು, ತನ್ನ ಕೈಯಿಂದಲೇ — ಅವಳು — ಎರಡು ತೂತು, ಪಿನ್ನಿನವು, ಸಣ್ಣವು, ಎರಡು.